ಅಂಗಡಿ ಲೆಕ್ಕ: ಮಗಳಿಗೊಂದು ಪತ್ರ

ನಾಗರಭಾವಿ
ನವೆಂಬರ್ 2025

ಪುಟ್ಟಿ,

ಇದನ್ನು ಕಾಗದದಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ವಾಯ್ಸ್ ಮೆಸೇಜ್ ಹಾಕಿದರೆ ನೀನು ಅದನ್ನು ಎರಡು ಪಟ್ಟು ಸ್ಪೀಡಿನಲ್ಲಿ ಓಡಿಸಿ ಕೇಳುತ್ತೀಯಂತೆ, ನಿನ್ನ ತಮ್ಮ ಹೇಳಿದ. ನನ್ನ ಅಕ್ಷರವನ್ನು ಹಾಗೆ ಓಡಿಸೋಕೆ ಆಗಲ್ಲ. ನಿಧಾನಕ್ಕೇ ಓದಬೇಕು.

"ಜುಲೈನಲ್ಲಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದೆ, ಈಗ ನೋಡಿದರೆ ಎರಡೆರಡು ಸ್ಕ್ಯಾನರ್ ಅಂಟಿಸಿದ್ದೀಯ, ಏನಪ್ಪಾ ಇದು?" ಅಂತ ಕೇಳಿದ್ದೆಯಲ್ಲ. ಅವತ್ತು ಸಂಜೆ ನಮ್ಮ ಬೇಕರಿಯಲ್ಲಿ ವ್ಯಾಪಾರದ ಹೊತ್ತು, ನಾಲ್ಕು ಜನ ಟೀಗೆ ಕಾಯುತ್ತಿದ್ದರು. ಈಗ ಸಾವಕಾಶವಾಗಿ ಹೇಳುತ್ತೇನೆ.

ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಏನಾಯಿತು ಅನ್ನುವುದನ್ನು ನೀನು ಜರ್ಮನಿಯಲ್ಲಿ ಕೂತೇ ರೀಲ್ಸ್‌ನಲ್ಲಿ ನೋಡಿದ್ದೀಯ. ಆದರೆ ರೀಲ್ಸ್‌ನಲ್ಲಿ ಬಂದಿದ್ದು ಬರೀ ಬೋರ್ಡಿನ ಫೋಟೋ. ಒಳಗಿನ ವಿಷಯ ಇಷ್ಟು. ವಾಣಿಜ್ಯ ತೆರಿಗೆ ಇಲಾಖೆಯವರು ಪೇಮೆಂಟ್ ಕಂಪನಿಗಳಿಂದ ಲೆಕ್ಕ ತರಿಸಿಕೊಂಡರು. 2021-22ರಿಂದ ಈಚೆಗೆ ಯಾವ ವ್ಯಾಪಾರಿಯ ಯುಪಿಐಗೆ ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ಬಂದಿದೆ, ಆದರೂ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂತ ಹುಡುಕಿದರು. ಹಾಗೆ ಸಿಕ್ಕಿದವರಿಗೆಲ್ಲ ನೋಟಿಸ್ ಹೋಯಿತು. ಸಾಮಾನು ಮಾರುವವರಿಗೆ 40 ಲಕ್ಷ, ಸರ್ವಿಸ್ ಕೊಡುವವರಿಗೆ 20 ಲಕ್ಷ, ಅದರ ಮೇಲೆ ಹೋದರೆ ನೋಂದಣಿ ಮಾಡಿಸಲೇಬೇಕು. ಈ ಕಾನೂನು ಹೊಸದಲ್ಲ. ನಮ್ಮ ಗಲ್ಲಾಪೆಟ್ಟಿಗೆಯೊಳಗೆ ಅದು ಇಣುಕಿ ನೋಡಿದ್ದು ಮಾತ್ರ ಹೊಸದು.

40 ಲಕ್ಷ ಅಂದ ಕೂಡಲೇ ನಿನ್ನ ಫ್ರೆಂಡ್ಸೆಲ್ಲ "ಅಷ್ಟೊಂದು ದುಡಿಯುತ್ತಾರಾ ಟೀ ಅಂಗಡಿಯವರು" ಅಂತ ಬಾಯಿ ಬಿಟ್ಟರಂತೆ. ಭಾಗಿಸಿ ನೋಡು. ದಿನಕ್ಕೆ ಹತ್ತಿರ ಹತ್ತಿರ 11 ಸಾವಿರ ರೂಪಾಯಿ. ಅದು ವ್ಯಾಪಾರ, ಲಾಭ ಅಲ್ಲ. ಅದರಲ್ಲಿ ಸಿಗರೇಟಿದೆ, ಹಾಲಿದೆ, ಕಂಪನಿ ಬಿಸ್ಕತ್ತಿದೆ. ಒಂದು ಹಾಲಿನ ಪ್ಯಾಕೆಟ್ಟಿನಲ್ಲಿ ನಮಗೆ ಉಳಿಯುವುದು ಚಿಲ್ಲರೆ ಕಾಸು. ಸರಿಯಾದ ಜಾಗದಲ್ಲಿರುವ ಕಾಂಡಿಮೆಂಟ್ಸ್‌ನವನು ದಿನಕ್ಕೆ 11 ಸಾವಿರ ಮಾಡಿದರೂ, ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ ಕಳೆದರೆ ಅವನ ಮನೆಗೆ ಹೋಗುವುದು ನಿನ್ನ ತಿಂಗಳ ಸ್ಟೈಪೆಂಡಿಗಿಂತ ಕಮ್ಮಿ ಇರಬಹುದು.

ಇನ್ನೊಂದು ಸಿಕ್ಕು ಇದೆ. ನಮ್ಮ ಸ್ಕ್ಯಾನರಿಗೆ ಬರುವ ದುಡ್ಡೆಲ್ಲ ವ್ಯಾಪಾರದ್ದಲ್ಲ. ಪಿಜಿ ಹುಡುಗರು ಬರುತ್ತಾರೆ, "ಅಂಕಲ್, ಸಾವಿರ ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ" ಅನ್ನುತ್ತಾರೆ. ಆಟೋದವರೂ ಕೇಳುತ್ತಾರೆ. ಎಟಿಎಂಗೆ ಹೋಗುವ ಬದಲು ಬೇಕರಿಗೆ ಬರುತ್ತಾರೆ. ಎದುರಿನ ಅಂಗಡಿಯವರಿಗೆ ಚೀಟಿ ದುಡ್ಡೂ ಅದೇ ಅಕೌಂಟಿಗೆ, ಊರಲ್ಲಿ ದನ ಮಾರಿದ ದುಡ್ಡೂ ಅದೇ ಅಕೌಂಟಿಗೆ, ಭಾವಮೈದುನ ಕೊಟ್ಟ ಕೈಸಾಲವೂ ಅದೇ ಅಕೌಂಟಿಗೆ. ಸೌಂಡ್‌ಬಾಕ್ಸಿಗೆ ಇದೆಲ್ಲ ಗೊತ್ತಾಗುತ್ತಾ? ಅದು ಎಲ್ಲವನ್ನೂ "ಸ್ವೀಕರಿಸಲಾಗಿದೆ" ಅಂತಲೇ ಕೂಗುತ್ತದೆ. ಆ ಎದುರಿನ ಅಂಗಡಿಯವರಿಗೆ ನೋಟಿಸ್ ಬಂದಾಗ, ಯಾವುದು ಬನ್ನು ಮಾರಿದ್ದು, ಯಾವುದು ಭಾವಮೈದುನ ಕೊಟ್ಟಿದ್ದು ಅಂತ ನಾಲ್ಕು ವರ್ಷದ ಹಿಂದಿನಿಂದ ಹೆಕ್ಕಿ ತೆಗೆಯಬೇಕಾಯಿತು. ಪಾಪ, ಅವರ ಹತ್ತಿರ ಬರೆದಿಟ್ಟ ಒಂದು ಕಾಗದವೂ ಇರಲಿಲ್ಲ.

ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ನೀನೂ ಓದಿರಬೇಕು. ಹಸಿ ತರಕಾರಿಗೆ ಜಿಎಸ್‌ಟಿ ಇಲ್ಲವೇ ಇಲ್ಲ. ಹಾಲಿಗೂ ಇಲ್ಲ, ಬ್ರೆಡ್ಡಿಗೂ ಇಲ್ಲ. ಆದರೆ ನಮ್ಮ ಹಾಗೆ ಹಾಲಿನ ಜೊತೆ ಕೇಕನ್ನೂ ಮಾರಿದರೆ, 40 ಲಕ್ಷದ ಗಡಿ ದಾಟಿದೆಯಾ ಅಂತ ನೋಡುವಾಗ ಹಾಲಿನ ದುಡ್ಡೂ ಸೇರುತ್ತದೆ. ಇದನ್ನು ನನಗೆ ಅರ್ಥ ಮಾಡಿಸಲು ಆಡಿಟರ್ ಎರಡು ಟೀ ಕುಡಿಯಬೇಕಾಯಿತು.

ಜುಲೈ 25ಕ್ಕೆ ಬಂದ್ ಅಂತ ವ್ಯಾಪಾರಿಗಳ ಸಂಘದವರು ಕರೆ ಕೊಟ್ಟರು. 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಬಂದ್ ನಿಂತಿತು. ಅಷ್ಟರಲ್ಲಿ ಬೆಂಗಳೂರಿನ ಅರ್ಧ ಬೇಕರಿಗಳ ಮುಂದೆ ಕೈಬರಹದ "ನೋ ಯುಪಿಐ" ಬಂದಿತ್ತು. ನಮ್ಮದೂ ಅದರಲ್ಲಿ ಒಂದು. ನನಗೆ ನೋಟಿಸ್ ಬಂದಿರಲಿಲ್ಲ. ಅಕ್ಕಪಕ್ಕದವರೆಲ್ಲ ತೆಗೆದಾಗ ನಾನೊಬ್ಬ ಇಟ್ಟುಕೊಳ್ಳುವುದು ಹೇಗೆ ಅಂತ ತೆಗೆದೆ. ಸಂಘದವರ ಮಾತಿಗೂ ಬೆಲೆ ಕೊಡಬೇಕಲ್ವಾ.

ಆಮೇಲೆ ಯಾಕೆ ಮತ್ತೆ ಅಂಟಿಸಿದೆ ಅಂದರೆ, ಹುಡುಗರ ಜೇಬಿನಲ್ಲಿ ದುಡ್ಡೇ ಇಲ್ಲ ಪುಟ್ಟಿ. ಸುಮ್ನೆ ಹೇಳುತ್ತಿಲ್ಲ. ಹತ್ತು ರೂಪಾಯಿ ಟೀ ಕುಡಿದು "ಕ್ಯಾಶ್ ಇಲ್ಲ ಅಂಕಲ್" ಅಂತ ನಿಂತುಬಿಡುತ್ತಾರೆ. ಕುಡಿದ ಟೀ ವಾಪಸ್ ಪಡೆಯುವುದು ಹೇಗೆ? ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ 2000 ಕೋಟಿ ಸಲ ಯುಪಿಐ ವ್ಯವಹಾರ ಆಗಿದೆಯಂತೆ. ಅಷ್ಟು ಜನ ಒಂದು ಕಡೆ ಹೊರಟಾಗ ನಾಗರಭಾವಿಯ ಒಂದು ಬೇಕರಿ ಎದುರು ದಿಕ್ಕಿಗೆ ಹೋಗಿ ಏನು ಮಾಡುತ್ತದೆ? ಅದೂ ಅಲ್ಲದೆ, ಕ್ಯಾಶ್ ತಗೊಂಡರೂ ತೆರಿಗೆ ತೆರಿಗೆಯೇ. ಫೋನಿಗೆ ಬಂದಿದ್ದಕ್ಕೆ ಮಾತ್ರ ತೆರಿಗೆ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಬೋರ್ಡ್ ಬದಲಾಯಿಸಿದರೆ ಲೆಕ್ಕ ಬದಲಾಗಲ್ಲ.

ಅದು ಸರಿಯಾಗಿ ತಲೆಗೆ ಹತ್ತಿದ್ದು ನೀನು ಆಖನ್‌ನ ಬೇಕರಿ ಬಗ್ಗೆ ಹೇಳಿದಾಗ. ಜರ್ಮನಿಯಂಥ ದೇಶದಲ್ಲಿ ನಿಮ್ಮ ಬೀದಿಯ ಬೇಕರಿಯವಳು ಕಾರ್ಡ್ ಬೇಡ, ಕಾಸು ಕೊಡು ಅನ್ನುತ್ತಾಳೆ ಅಂದಾಗ ನಿಮ್ಮಮ್ಮ ನಂಬಲೇ ಇಲ್ಲ. ಆದರೆ ನೀನು ಇನ್ನೊಂದು ಹೇಳಿದೆ ನೋಡು, ಅದು ನನಗೆ ಇಷ್ಟವಾಯಿತು. ಕಾಸು ತಗೊಂಡರೂ ಒಂದು ಬನ್ನಿಗೂ ಬಿಲ್ ಕೊಡುತ್ತಾಳೆ ಅಂದೆ. 2020ರಿಂದ ಬಿಲ್ಲಿಂಗ್ ಯಂತ್ರ ಇಟ್ಟವರೆಲ್ಲ ಪ್ರತಿ ಗಿರಾಕಿಗೂ ರಸೀದಿ ಕೊಡಬೇಕು ಅಂತ ಅಲ್ಲಿ ಕಾನೂನು. ಯಂತ್ರದೊಳಗಿನ ಲೆಕ್ಕವನ್ನು ಆಮೇಲೆ ತಿದ್ದಲು ಬರದ ಹಾಗೆ ಮಾಡಿದ್ದಾರೆ. ಒಂದು ಬನ್ನಿಗೆ ಒಂದು ಕಾಗದವಾ ಅಂತ ಅಲ್ಲಿಯ ಬೇಕರಿಯವರೂ ಗಲಾಟೆ ಮಾಡಿದ್ದರಂತೆ. ಎಲ್ಲ ಊರಲ್ಲೂ ಬೇಕರಿಯವರು ಒಂದೇ ಜಾತಿ!

ಅಂದರೆ ಅಲ್ಲಿ ದುಡ್ಡು ಹಳೇದು, ಲೆಕ್ಕ ಹೊಸದು. ನಮ್ಮಲ್ಲಿ ದುಡ್ಡು ಹೊಸದಾಯಿತು, ಲೆಕ್ಕ ಹಳೆಯದೇ ಉಳಿಯಿತು. ನಮ್ಮ ಅಂಗಡಿಗಳ ತಾಪತ್ರಯಕ್ಕೆಲ್ಲ ಕಾರಣ ಇದೇ ಅಂತ ನನ್ನ ಲೆಕ್ಕಾಚಾರ.

ನಿನಗೆ ಸಾಲದ ಬುಕ್ಕು ನೆನಪಿದೆಯಾ? ಬಿಸ್ಕತ್ ಡಬ್ಬದ ಹಿಂದೆ ಇರುತ್ತಿತ್ತಲ್ಲ, ಉದ್ದನೆಯದು, ಕೆಂಪು ರಟ್ಟಿನದು. ಅದರಲ್ಲಿ ಹೆಸರುಗಳೇ ಇರಲಿಲ್ಲ. "ಮೇಷ್ಟ್ರು", "ಮೂರನೇ ಕ್ರಾಸ್ ಗ್ಯಾರೇಜು", "ಕನ್ನಡಕದ ಅಕ್ಕ", ಹೀಗೆ. ಮೇಷ್ಟ್ರ ಪೂರ್ತಿ ಹೆಸರು ನನಗೆ ಗೊತ್ತಾಗಿದ್ದು ಅವರು ಮೊದಲ ಸಲ ಸ್ಕ್ಯಾನ್ ಮಾಡಿದಾಗ! ಅಷ್ಟು ವರ್ಷ ಅವರಿಗೆ ಬ್ರೆಡ್ ಕೊಟ್ಟಿದ್ದೆ, ಹೆಸರು ಕೇಳಬೇಕು ಅಂತ ಅನ್ನಿಸಿರಲೇ ಇಲ್ಲ. ಆ ಬುಕ್ಕಿನಲ್ಲಿ ಇದ್ದದ್ದು ನನಗೆ ಗೊತ್ತು, ಸಾಲ ತಗೊಂಡವರಿಗೆ ಗೊತ್ತು. ಮೂರನೆಯವರಿಗೆ ತೋರಿಸಿದರೂ ಅರ್ಥವಾಗುತ್ತಿರಲಿಲ್ಲ. ಈಗ ಅದರಲ್ಲಿ ಬರೆಯುವುದು ತುಂಬಾ ಕಮ್ಮಿ. ಕೂಲಿಗೆ ಹೋಗುವ ಹೆಂಗಸರು ಇಬ್ಬರು ಮೂವರು ಇದ್ದಾರೆ, ಶನಿವಾರ ಬಟವಾಡೆ ಆದಮೇಲೆ ಕೊಡುತ್ತಾರೆ. ಹುಡುಗರು ಸಾಲ ಹೇಳುವುದೇ ಇಲ್ಲ. ಫೋನಿನಲ್ಲೇ ಸಾಲ ಸಿಗುತ್ತದಂತಲ್ಲ, ಒಂದು ಬಟನ್ ಒತ್ತಿದರೆ. ನನ್ನ ಹತ್ತಿರ ಸಾಲ ಹೇಳಲು ನಾಚಿಕೆ ಪಡುವವರು ಮುಖ ಕಾಣದವರ ಹತ್ತಿರ ಸಾಲ ತಗೊಳ್ಳುತ್ತಾರೆ. ನಾನಂತೂ ಬಡ್ಡಿ ಕೇಳುತ್ತಿರಲಿಲ್ಲ.

ಹಳೆಯದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ನೀನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಪಟ್ಟ ಪಾಡು ನನಗೆ ಚೆನ್ನಾಗಿ ನೆನಪಿದೆ. ಚಿಲ್ಲರೆಗೆ ದಿನಾ ಜಗಳ. ಒಂದು ರೂಪಾಯಿ ಬದಲು ಚಾಕೊಲೇಟ್ ಕೊಟ್ಟರೆ ಕೆಲವರು ಮುಖ ಸಿಂಡರಿಸುತ್ತಿದ್ದರು, ನ್ಯಾಯವೇ ಅದು. ರಾತ್ರಿ ಅಂಗಡಿ ಮುಚ್ಚಿ ದುಡ್ಡಿನ ಚೀಲ ಹಿಡಿದು ಒಬ್ಬನೇ ನಡೆದು ಬರುವಾಗ ಬೆನ್ನ ಹಿಂದೆ ಬೈಕ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಕೈ ಬೀಸಿಕೊಂಡು ಬರುತ್ತೇನೆ. ಸ್ಟಿಕ್ಕರ್ ಸ್ಕ್ಯಾನ್ ಮಾಡಿಸಿ ದುಡ್ಡು ತಗೊಳ್ಳುವುದಕ್ಕೆ ನನ್ನಿಂದ ಕಮಿಷನ್ ಹಿಡಿಯುವುದಿಲ್ಲ, ಸೌಂಡ್‌ಬಾಕ್ಸಿಗೆ ತಿಂಗಳ ಬಾಡಿಗೆ ಅಷ್ಟೇ. ಅದಿಲ್ಲದಿದ್ದರೆ ಆಗಲ್ಲ. ದುಡ್ಡು ಹೋದ ಹಾಗೆ ಹಸಿರು ಟಿಕ್ ತೋರಿಸುವ ನಕಲಿ ಆ್ಯಪುಗಳು ಬಂದಿವೆ. ಗಿರಾಕಿ ಜಾಸ್ತಿ ಇದ್ದಾಗ ಯಾರ ಸ್ಕ್ರೀನ್ ಅಂತ ನೋಡುವುದು? ಕಿಚ್ಚ ಸುದೀಪ್ ಧ್ವನಿಯಲ್ಲಿ ಕೂಗಿದರೆ ದುಡ್ಡು ಬಂತು, ಇಲ್ಲದಿದ್ದರೆ ಇಲ್ಲ. ನಿಮ್ಮಮ್ಮನಿಗೆ ಆ ಡಬ್ಬದ ಮೇಲೆ ನನಗಿಂತ ಜಾಸ್ತಿ ನಂಬಿಕೆ.

ವಾಟ್ಸಾಪ್ ಸುದ್ದಿಗಳದ್ದು ಇನ್ನೊಂದು ಕಥೆ. ಏಪ್ರಿಲ್‌ನಲ್ಲಿ ನಿಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ, 2000ಕ್ಕಿಂತ ಜಾಸ್ತಿ ಯುಪಿಐ ಮಾಡಿದರೆ ಜಿಎಸ್‌ಟಿ ಕೊಡಬೇಕು ಅಂತ. ಅದು ಸುಳ್ಳು ಅಂತ ಹಣಕಾಸು ಸಚಿವಾಲಯವೇ ಹೇಳಿತು. ಆದರೆ ಜುಲೈ ಗಲಾಟೆಯಲ್ಲಿ ಅದೇ ಮೆಸೇಜು ಹೊಸ ಬಟ್ಟೆ ಹಾಕಿಕೊಂಡು ಮತ್ತೆ ಬಂತು. ಒಬ್ಬರು ಗಿರಾಕಿ ಬರ್ತ್‌ಡೇ ಕೇಕಿಗೆ 2200 ಕೊಡಬೇಕಿತ್ತು, ಅದನ್ನು ಎರಡು ಸಲ 1100 ಅಂತ ಹಾಕಿದರು. "ತೆರಿಗೆ ಬೀಳದ ಹಾಗೆ" ಅಂತ ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದರು. ಅವರು ಇಂಜಿನಿಯರ್!

ರೀಲ್ಸ್ ಹುಡುಗನ ವಿಷಯ ಅಮ್ಮ ಹೇಳಿದ್ದಾಳೆ ಅನ್ನಿಸುತ್ತದೆ. ನಮ್ಮ ಹನಿ ಕೇಕಿನ ವಿಡಿಯೋ ಮಾಡಿ ಹಾಕಿದ. ಒಂದು ವಾರ ಜನವೋ ಜನ. ಬಂದವರು ಮೊದಲು ಫೋಟೋ ತೆಗೆಯುತ್ತಾರೆ, ಆಮೇಲೆ ಒಂದು ಕೇಕನ್ನು ನಾಲ್ಕು ಜನ ಹಂಚಿಕೊಳ್ಳುತ್ತಾರೆ. ದಿನಾ ಖಾರ ಬನ್ನಿಗೆ ಬರುವ ಮೇಷ್ಟ್ರು ಆ ಗುಂಪು ನೋಡಿ ಹಾಗೇ ವಾಪಸ್ ಹೋದರು. ವಾರ ಕಳೆದ ಮೇಲೆ ರೀಲ್ಸಿನವರು ಬೇರೆ ಅಂಗಡಿಗೆ ಹೋದರು, ಮೇಷ್ಟ್ರು ವಾಪಸ್ ಬಂದರು. ವ್ಯಾಪಾರ ಅಂದರೆ ನನಗೆ ಮೇಷ್ಟ್ರು ವಾಪಸ್ ಬಂದಿದ್ದು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಆಗಸ್ಟ್‌ನಲ್ಲಿ ಅಂಗಡಿಗೆ ಅಂತಲೇ ಬೇರೆ ಕರೆಂಟ್ ಅಕೌಂಟ್ ಮಾಡಿಸಿದೆ. ಎರಡು ಸ್ಕ್ಯಾನರ್ ಯಾಕೆ ಅಂತ ಕೇಳಿದೆಯಲ್ಲ, ಎರಡೂ ಅದೇ ಅಕೌಂಟಿನವು. ಒಂದು ಟೀ ಕೌಂಟರಿಗೆ, ಒಂದು ಕೇಕ್ ಕೌಂಟರಿಗೆ. ಪಿಜಿ ಹುಡುಗರು ಕ್ಯಾಶ್ ಕೇಳಿದರೆ ಈಗ ಇಲ್ಲ ಅಂತೀನಿ, ಬೈದುಕೊಳ್ಳಲಿ. ದಿನದ ವ್ಯಾಪಾರವನ್ನು ರಾತ್ರಿ ಬುಕ್ಕಿನಲ್ಲಿ ಬರೆಯುತ್ತೇನೆ, ಕ್ಯಾಶ್ ಎಷ್ಟು, ಫೋನ್ ಎಷ್ಟು ಅಂತ. ಅದೇ ಕೆಂಪು ರಟ್ಟಿನ ಬುಕ್ಕು, ಹಿಂದಿನ ಹಾಳೆಗಳು ಖಾಲಿ ಇದ್ದವು. ನಿನ್ನ ತಮ್ಮ ನಗುತ್ತಾನೆ, "ಎಲ್ಲಾ ಆ್ಯಪಿನಲ್ಲೇ ಇದೆಯಲ್ಲಪ್ಪಾ" ಅಂತ. ಆ್ಯಪಿನಲ್ಲಿ ಇರುವುದು ಅವರು ಇಟ್ಟ ಲೆಕ್ಕ. ನಾಳೆ ಯಾರಾದರೂ ಅದನ್ನು ಮುಂದಿಟ್ಟು ಕೇಳಿದರೆ, ನಾನು ಇಟ್ಟ ಲೆಕ್ಕವೂ ನನ್ನ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ನನ್ನ ಅಂಗಡಿ ಬಗ್ಗೆ ನಾನೇ ಬೇರೆಯವರನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ಜಿಎಸ್‌ಟಿಗೂ ನೋಂದಣಿ ಮಾಡಿಸುವುದು ಅಂತ ತೀರ್ಮಾನ ಮಾಡಿದ್ದೇನೆ. ಸಣ್ಣವರಿಗೆ ರಾಜಿ ತೆರಿಗೆ ಪದ್ಧತಿ ಇದೆ, ಒಂದೂವರೆ ಕೋಟಿವರೆಗೆ ವ್ಯಾಪಾರ ಇರುವವರಿಗೆ. ಮಾರಿದ ಸಾಮಾನಿಗೆ ಶೇ 1 ಕಟ್ಟಿದರಾಯಿತು, ಗಿರಾಕಿ ಹತ್ತಿರ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ. ಟೀದು ಹೇಗೆ ಹಿಡಿಯುತ್ತಾರೆ ಅಂತ ಆಡಿಟರ್ ನೋಡಿ ಹೇಳುತ್ತಾರೆ. ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ತೆರಿಗೆ 18ರಿಂದ 5ಕ್ಕೆ ಇಳಿದಿದೆ. ಪ್ಯಾಕೆಟ್ಟಿನ ಮೇಲೆ ಹಳೇ ರೇಟು, ಅಂಗಡಿಯಲ್ಲಿ ಹೊಸ ರೇಟು, ಆ ಗೋಳು ಬೇರೆ. ಅದನ್ನು ಬರೆದರೆ ಇನ್ನೊಂದು ಹಾಳೆ ಬೇಕು.

ನಿನ್ನಿಂದ ಒಂದೇ ಕೆಲಸ ಆಗಬೇಕು. ಪಾರ್ಟ್‌ಟೈಮ್ ಕೆಲಸದ ದುಡ್ಡು ಕಳಿಸುತ್ತೀನಿ ಅಂತ ಹಟ ಮಾಡುತ್ತಿದ್ದೀಯಂತೆ. ಬೇಡ ಅಂದರೂ ಕೇಳುವವಳಲ್ಲ ನೀನು, ನನಗೆ ಗೊತ್ತು. ಕಳಿಸುವುದೇ ಆದರೆ ಅಂಗಡಿಯ ಅಕೌಂಟಿಗೆ ಮಾತ್ರ ಹಾಕಬೇಡ. ಅಮ್ಮನ ಉಳಿತಾಯ ಖಾತೆಯ ಪಾಸ್‌ಬುಕ್ ಫೋಟೋ ಈ ಪತ್ರದ ಜೊತೆಗೇ ಕಳಿಸಿದ್ದೇನೆ, ಐಎಫ್‌ಎಸ್‌ಸಿ ಕೋಡ್ ಕೆಳಗಿನ ಸಾಲಿನಲ್ಲಿದೆ. ಯಾತಕ್ಕೆ ಕಳಿಸಿದ್ದು ಅಂತ ಕೇಳುವ ಜಾಗದಲ್ಲಿ "ಮನೆ ಖರ್ಚಿಗೆ" ಅಂತ ಬರೆ, ಖಾಲಿ ಬಿಡಬೇಡ.

ನಿನ್ನ ಅಪ್ಪ