ಗಾಜಿನ ಬೀರುವಿನ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ.

ನಮ್ಮ ಹಳೇ ಪುಸ್ತಕದಂಗಡಿಗೆ ಈಚೆಗೆ ಬಂದವರು ನೋಡಿರುತ್ತೀರಿ. ಒಳಗಿನ ಗೋಡೆಗೆ ಗಾಜಿನ ಬೀರು ಬಂದಿದೆ, ಅದಕ್ಕೊಂದು ಬೀಗವೂ ಬಿದ್ದಿದೆ. ಲೇಖಕರ ಸಹಿ ಇರುವ ಪ್ರತಿಗಳು, ಮೊದಲ ಮುದ್ರಣಗಳು, ಹುಡುಕಿದರೂ ಸಿಗದಂಥ ಕೆಲವು ಪುಸ್ತಕಗಳು ಇನ್ನು ಅದರೊಳಗೆ. ಅವಕ್ಕೆ ಅರ್ಧ ಬೆಲೆಯ ಲೆಕ್ಕ ಇಲ್ಲ, ಒಂದೊಂದಕ್ಕೂ ಒಂದೊಂದು ಬೆಲೆ. ಮಿಕ್ಕಿದ್ದೆಲ್ಲ ಅದೇ ಜಾಗದಲ್ಲಿ, ಅದೇ ಅರ್ಧ ಬೆಲೆಗೆ.

ಇದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಫೋನ್ ಮಾಡಿ "ತೆಗೆದಿಟ್ಟಿರಿ" ಅಂದಿದ್ದವರು ಬಂದಾಗ ಬೆಲೆ ಬೇರೆಯಾಗಿತ್ತು. ಅವರು ಏನೂ ಅನ್ನದೆ ಪುಸ್ತಕ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೇ ವಾಸಿ ಇತ್ತು. ತಪ್ಪು ನಮ್ಮದು, ಕ್ಷಮಿಸಿ.

ಆದರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ಒಂದೂವರೆ ರೂಪಾಯಿ ಅಂತ ಅಚ್ಚಾಗಿದೆಯಲ್ರೀ, ನಾಲ್ಕು ಸಾವಿರ ಕೇಳ್ತೀರಲ್ಲ?" ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ ಈ ಪ್ರಶ್ನೆ. ಗಿರಾಕಿ ಇರುವಾಗ ನಿಂತು ವಿವರಿಸಲು ಆಗುವುದಿಲ್ಲ, ಇಲ್ಲೇ ಹೇಳುತ್ತೇವೆ.

ಬೆಲೆ ಅಚ್ಚಾಗಿರುವ ಪುಟದಲ್ಲೇ ಎಷ್ಟೋ ಸಲ ಇನ್ನೊಂದು ಸಾಲೂ ಇರುತ್ತದೆ: 'ಪ್ರತಿಗಳು 1000'. ಅದನ್ನೂ ಓದಿ. ಆ ಸಾವಿರದಲ್ಲಿ ಗೆದ್ದಲು ತಿಂದದ್ದೆಷ್ಟು, ಮಳೆಗೆ ನೆಂದದ್ದೆಷ್ಟು, ಮನೆ ಬದಲಿಸುವಾಗ ರದ್ದಿಗೆ ಹೋದದ್ದೆಷ್ಟು? ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲಿ. ಡಿವಿಜಿಯವರ ಕಗ್ಗ 1943ರಲ್ಲಿ. ಮಹಾಯುದ್ಧದ ಕಾಲ ಅದು, ಕಾಗದಕ್ಕೇ ತತ್ವಾರ. ಆಮೇಲೆ ಎರಡೂ ಎಷ್ಟೋ ಸಲ ಅಚ್ಚಾಗಿವೆ. ಓದೋಕೆ ಬೇಕಾದರೆ ಹೊಸ ಪ್ರತಿ ತಗೊಳ್ಳಿ, ಪದ್ಯ ಅದೇ. ಆದರೆ ಆ ಪದ್ಯ ಮೊದಲ ಸಲ ಜನರ ಕೈಗೆ ಹೋದದ್ದು ಯಾವ ರೂಪದಲ್ಲೋ ಅದೇ ಬೇಕು ಅನ್ನುವವರೂ ಇದ್ದಾರೆ. ಬೀರುವಿನ ಬೆಲೆ ಅವರಿಗೆ.

ಹಳೆಯದೆಲ್ಲ ಬೆಲೆ ಬಾಳುತ್ತದೆ ಅಂತಲ್ಲ. ನೂರು ವರ್ಷದ ಹಳೆಯ ಪುರಾಣದ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ, ಮನೆಮನೆಯಲ್ಲೂ ಇದ್ದಂಥವು. ಕೇಳುವವರಿಲ್ಲ. ಕಿಟ್ಟೆಲ್ ನಿಘಂಟಿನಲ್ಲೂ ಪ್ರತಿ ಪ್ರತಿಗೆ ಬೆಲೆ ಬೇರೆ. ಮರುಮುದ್ರಣ ಬೇರೆ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ 1894ರ ಪ್ರತಿ ಬೇರೆ. ಆ ಪ್ರತಿಯನ್ನೇ ಯಾರೋ ಗಟ್ಟಿಯಾಗಲಿ ಅಂತ ಬೈಂಡಿಂಗಿಗೆ ಕೊಟ್ಟು ಮೂರೂ ಕಡೆ ಕತ್ತರಿಸಿಬಿಟ್ಟಿದ್ದರೆ ಬೆಲೆಯೂ ಅಲ್ಲೇ ಕತ್ತರಿಸಿ ಬೀಳುತ್ತದೆ.

ಇನ್ನು ಸಹಿ. 1980ರ ಮುದ್ರಣದಲ್ಲಿ ಡಿವಿಜಿ ಸಹಿ ತೋರಿಸಿದವರೊಬ್ಬರಿದ್ದರು. ಡಿವಿಜಿ ತೀರಿಕೊಂಡದ್ದು 1975ರಲ್ಲಿ! ನಾವು ಕಾಫಿ ಕೊಟ್ಟು ಕಳಿಸಿದೆವು. ಎಲ್ಲವೂ ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಮಸಿಯ ಪೆನ್ನಿನ ಬರಹ ಕಾಗದದೊಳಗೆ ಇಳಿದು ಅಂಚಿನಲ್ಲಿ ಸ್ವಲ್ಪ ಹರಡಿರುತ್ತದೆ. ಬಾಲ್‌ಪೆನ್ನು ಗೀರು ಬಿಡುತ್ತದೆ, ಪುಟ ತಿರುಗಿಸಿ ಬೆರಳಾಡಿಸಿದರೆ ಗೊತ್ತಾಗುತ್ತದೆ. ಸಹಿಯ ಕೆಳಗೆ 1942 ಅಂತ ತಾರೀಖು ಹಾಕಿ, ಸಹಿ ಬಾಲ್‌ಪೆನ್ನಿನಲ್ಲಿದ್ದರೆ ನಾವು ಮುಟ್ಟುವುದಿಲ್ಲ. ಆಗಿನ್ನೂ ಬಾಲ್‌ಪೆನ್ನು ಇಲ್ಲಿನ ಅಂಗಡಿಗಳಿಗೆ ಬಂದೇ ಇರಲಿಲ್ಲ. ಕೆಲವು ಲೇಖಕರಂತೂ ಕೇಳಿದವರಿಗೆಲ್ಲ ಸಹಿ ಹಾಕಿದ್ದಾರೆ. ಅವರದು ಸಹಿ ಇಲ್ಲದ ಪ್ರತಿಯೇ ಅಪರೂಪ ಅಂತ ನಮ್ಮಲ್ಲೊಂದು ತಮಾಷೆ.

ಯಾರಿಗೆ ಬರೆದುಕೊಟ್ಟದ್ದು ಅನ್ನುವುದೂ ಮುಖ್ಯ. ಈಗ ಬೀರುವಿನಲ್ಲಿ ಒಂದು ತೆಳ್ಳನೆಯ ಕವನ ಸಂಕಲನ ಇದೆ. ಕವಿ ಅದನ್ನು ಬರೆದುಕೊಟ್ಟಿರುವುದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರಿಗೆ. 34ನೇ ಪುಟದಲ್ಲಿ ಒಂದು ಒತ್ತು ಬಿಟ್ಟುಹೋಗಿದೆ. ಕವಿಯೇ ಅದನ್ನು ನೀಲಿ ಮಸಿಯಲ್ಲಿ ತಿದ್ದಿದ್ದಾರೆ, ತಿದ್ದಿದ್ದು ಎದುರಿನ ಪುಟಕ್ಕೂ ಹತ್ತಿದೆ. ಒಂದೂವರೆ ರೂಪಾಯಿಯ ಪುಸ್ತಕ ಇದೇ.

ಅದು ನಮಗೆ ಪುಕ್ಕಟೆ ಬಂತು ಅಂದುಕೊಂಡವರಿದ್ದಾರೆ. "ಕೆಜಿ ಲೆಕ್ಕದಲ್ಲಿ ತಂದು ಸಾವಿರದ ಲೆಕ್ಕದಲ್ಲಿ ಮಾರ್ತಾರೆ" ಅನ್ನುವುದು ನಮ್ಮ ಕಿವಿಗೂ ಬಿದ್ದಿದೆ. ಆ ಸಂಕಲನ ಸಿಕ್ಕ ಮನೆಯಿಂದ ತಂದದ್ದು ನಾನೂರು ಚಿಲ್ಲರೆ ಪುಸ್ತಕ. ಲಿಫ್ಟ್ ಇಲ್ಲದ ಮೂರನೇ ಮಹಡಿ, ಇಬ್ಬರು ಹಮಾಲರು, ಒಂದು ಟೆಂಪೊ. ಬೀರುವಿಗೆ ಬಂದದ್ದು ಹನ್ನೊಂದು. ಅರ್ಧ ವಾಪಸ್ ರದ್ದಿಗೇ ಹೋಯಿತು. ಹನ್ನೊಂದನ್ನೂ ನೆರಳಲ್ಲಿ ಆರಿಸಿ, ತುಕ್ಕು ಹಿಡಿದ ಪಿನ್ನು ಕಿತ್ತು, ಹರಿದ ಕಡೆ ತೆಳು ಕಾಗದ ಅಂಟಿಸಿದ್ದೇವೆ. ಸೆಲೋ ಟೇಪ್ ಅಲ್ಲ, ಅದು ಪುಸ್ತಕಕ್ಕೆ ವಿಷ. ಮನೆಯವರಿಗೂ ಆ ಹನ್ನೊಂದರ ಬೆಲೆ ಬೇರೆಯೇ ಹೇಳಿ, ಬೇರೆಯೇ ಕೊಟ್ಟಿದ್ದೇವೆ. ಬೇಕಾದರೆ ರಸೀತಿ ತೋರಿಸುತ್ತೇವೆ.

ಅಂಚೆ ಖರ್ಚಿಗೂ ಬೈಗುಳ ನಮಗೇ. ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಈಗ ಕಳಿಸಲು ಎಷ್ಟಾಗುತ್ತದೋ ಅಷ್ಟೇ ಹಾಕುತ್ತೇವೆ, ರಟ್ಟು ಮತ್ತು ಪ್ಲಾಸ್ಟಿಕ್ ನಮ್ಮದು.

ಒಂದು ತಪ್ಪನ್ನು ಮಾತ್ರ ಸುಮ್ನೆ ಒಪ್ಪಿಕೊಳ್ಳಬೇಕು. ಕೆಲವು ಮುಖಪುಟಗಳ ಮೇಲೆ ನಾವೇ ಬೆಲೆಯ ಸ್ಟಿಕ್ಕರ್ ಅಂಟಿಸಿದ್ದೆವು. ತೆಗೆಯುವಾಗ ಬಣ್ಣವೂ ಕಿತ್ತು ಬಂತು. ಅಂಥವನ್ನು ಕೊಂಡವರು ತಂದರೆ ಹಣ ವಾಪಸ್. ಇನ್ನು ಮೇಲೆ ಬೆಲೆ ಒಳಗಡೆ, ಪೆನ್ಸಿಲ್ಲಿನಲ್ಲಿ.

ಬೀಗ ನಿಮ್ಮ ಮೇಲಿನ ಅನುಮಾನಕ್ಕಲ್ಲ. ಕೇಳಿದರೆ ತೆಗೆಯುತ್ತೇವೆ, ಮೇಜಿನ ಹತ್ತಿರ ಕೂತು ಎಷ್ಟು ಹೊತ್ತು ಬೇಕಾದರೂ ನೋಡಿ. ಕೊಳ್ಳಲೇಬೇಕು ಅಂತಿಲ್ಲ. ಕಾಫಿ ಮಾತ್ರ ಆಮೇಲೆ. ಈಗಾಗಲೇ ತೆಗೆದಿಡಲು ಹೇಳಿರುವವರಿಗೆ ಈ ತಿಂಗಳ ಕೊನೆಯವರೆಗೆ ಹಳೆಯ ಬೆಲೆಯೇ. ಏನೂ ಅನ್ನದೆ ಹೋದವರೇ, ನಿಮ್ಮ ಪುಸ್ತಕವನ್ನು ಯಾರಿಗೂ ಮಾರಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿದೆ, ನಿಮ್ಮ ಹೆಸರಿನ ಚೀಟಿ ಇಟ್ಟಿದ್ದೇವೆ.

ಇಂತಿ,
ನಿಮ್ಮ ಹಳೇ ಪುಸ್ತಕದಂಗಡಿಯವರು