ವೋಡೂ ಅಂದರೆ ಮಾಟ ಅಲ್ಲ

ಸಂಪಾದಕರೇ,

ವೋಡೂ ಅಂದ ಕೂಡಲೇ ಸೂಜಿ ಚುಚ್ಚಿದ ಗೊಂಬೆ, ಮಾಟಮಂತ್ರ ಅಂತ ಸುಮ್ನೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಹೈಟಿಯಲ್ಲಿ ಅದು ಜನರ ಧರ್ಮ, 2003ರಲ್ಲಿ ಅಲ್ಲಿನ ಸರ್ಕಾರವೇ ಮಾನ್ಯತೆ ಕೊಟ್ಟಿದೆ. ನವೆಂಬರ್ 1 ಮತ್ತು 2 ಗೆಡೆಗಳ ದಿನ, ಅಂದರೆ ಸತ್ತವರಿಗೆ ಸಂಬಂಧಿಸಿದ ದೈವಗಳದ್ದು. ಆಡಂಬರ ಜಾಸ್ತಿ ಬೇಕಿಲ್ಲ. ಮನೆಯ ಮೂಲೆಯಲ್ಲೊಂದು ಪುಟ್ಟ ಮೇಜು, ಕಪ್ಪು-ನೇರಳೆ ಬಟ್ಟೆ, ಒಂದು ಮೇಣದಬತ್ತಿ, ಕಾಫಿ, ಖಾರದ ಮೆಣಸಿನಕಾಯಿ ನೆನೆಸಿದ ಕಬ್ಬಿನ ಸಾರಾಯಿ. ಮೊದಲು ದೈವಗಳ ಲೋಕದ ಬಾಗಿಲು ತೆರೆಯುವ ಲೆಗ್ಬಾ ಎಂಬ ದೈವವನ್ನು ಕರೆದು, ನೆಲಕ್ಕೆ ಮೂರು ಸಲ ನೀರು ಚೆಲ್ಲಿ, ಆಮೇಲೆ ತೀರಿಹೋದ ಹಿರಿಯರನ್ನು ನೆನೆಯುತ್ತಾರೆ. ಇದರಲ್ಲಿ ಹೆದರುವಂಥದ್ದು ಏನಿದೆ ಹೇಳಿ? ಸತ್ತವರನ್ನು ಮರೆಯದೇ ಇರುವುದು ಅಷ್ಟೇ ಅಲ್ವಾ? ಮುಂದಿನ ಸಲ ಗೊಂಬೆಯ ಚಿತ್ರ ಬಿಟ್ಟು ಆ ಮೇಜಿನ ಚಿತ್ರ ಹಾಕಿ.

– ಒಬ್ಬ ಓದುಗ