ರೀಫ್ ಟ್ಯಾಂಕ್ ಸಾಗಿಸುವವರು ಮೊದಲು ಕಲ್ಲನ್ನು ಉಳಿಸಿಕೊಳ್ಳಲಿ

ಮಾನ್ಯ ಸಂಪಾದಕರೇ,

ಹವಳ ಬೆಳೆಸಿದ ದೊಡ್ಡ ಉಪ್ಪುನೀರಿನ ಅಕ್ವೇರಿಯಂ, ಅಂದರೆ ರೀಫ್ ಟ್ಯಾಂಕ್ ಇರುವವರು ದೂರದೂರಿಗೆ ಮನೆ ಬದಲಿಸುವಾಗ ಎಲ್ಲರ ಬಾಯಲ್ಲೂ ಕೇಳಿಬರುವ ಸಲಹೆ ಒಂದೇ: ‘ಹಳೆ ನೀರನ್ನೆಲ್ಲ ಕ್ಯಾನಿಗೆ ತುಂಬಿಕೊಂಡು ಹೋಗಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ.’ ಇದನ್ನು ನಂಬಿ ಮೀನು, ಹವಳ ಎರಡನ್ನೂ ಕಳೆದುಕೊಂಡವರಿದ್ದಾರೆ. ಮೀನಿನ ಕಸ ಅರಗಿಸುವ ಬ್ಯಾಕ್ಟೀರಿಯಾ ನೀರಿನಲ್ಲಿರುವುದು ತೀರಾ ಕಡಿಮೆ. ಅವು ನೆಲೆಸುವುದು ಲೈವ್ ರಾಕ್ ಎನ್ನುವ ತೂತುತೂತಾದ ಕಲ್ಲಿನಲ್ಲಿ. 500 ಲೀಟರ್ ಸಮುದ್ರದ ನೀರು 510 ಕಿಲೋಗಿಂತ ಹೆಚ್ಚು ತೂಗುತ್ತದೆ. ಅಷ್ಟನ್ನು ಹೊತ್ತೊಯ್ದು ಕಲ್ಲನ್ನು ಒಣಗಲು ಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಕಲ್ಲು, ಹವಳ, ಮೀನು ಮುಳುಗುವಷ್ಟು ಹಳೆ ನೀರು ಒಯ್ದರೆ ಸಾಕು.

ಕಲ್ಲನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಸಾಗಿಸುವ ರೂಢಿಯೂ ಇದೆ. ಬ್ಯಾಕ್ಟೀರಿಯಾ ಅದರಲ್ಲಿ ಬದುಕುತ್ತವೆ, ನಿಜ. ಆದರೆ ಕಲ್ಲಿಗೆ ಅಂಟಿ ಬೆಳೆದ ಸ್ಪಂಜು ಎಂಬ ಸಮುದ್ರಜೀವಿಯೊಳಗೆ ಗಾಳಿ ಸಿಕ್ಕಿಕೊಂಡರೆ ಅದು ಸತ್ತು ಕೊಳೆಯುತ್ತದೆ, ಹೊಸ ಮನೆಯ ತೊಟ್ಟಿಯಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ದೂರದ ದಾರಿಗೆ ಮುಚ್ಚಳವಿರುವ, ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮೇ ಸರಿ. ಕಲ್ಲು ಪೂರ್ತಿ ಮುಳುಗಿರಲಿ, ಬ್ಯಾಟರಿಯ ಏರ್ ಪಂಪ್ ಓಡುತ್ತಿರಲಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಹಿಡಿಯುವುದು 6.8ರ ಆಸುಪಾಸು. ನಿಂತ ನೀರಿನಲ್ಲಿ ಅದು ಬೇಗ ಮುಗಿಯುತ್ತದೆ. ಕ್ಯಾನಿಸ್ಟರ್ ಫಿಲ್ಟರನ್ನು (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ನೀರು ತುಂಬಿದಂತೆಯೇ ಮುಚ್ಚಿ ಒಯ್ದವರಿಗೂ ಇದೇ ಗತಿ: ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತವೆ. ಅದನ್ನು ಬರಿದು ಮಾಡಿ, ಒಳಗಿನ ಮೀಡಿಯಾವನ್ನು, ಅಂದರೆ ಬ್ಯಾಕ್ಟೀರಿಯಾ ನೆಲೆಸಿದ ಶೋಧಕ ವಸ್ತುವನ್ನು, ಕಲ್ಲಿನ ಡ್ರಮ್ಮಿಗೇ ಹಾಕಿ.

ಮರಳಿನ ಮೇಲೆ ವ್ಯಾಮೋಹ ಬೇಡ. ವರ್ಷಗಟ್ಟಲೆ ಕದಲದ ದಪ್ಪ ಪದರದ ತಳದಲ್ಲಿ ಆಮ್ಲಜನಕವಿರುವುದಿಲ್ಲ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕಟ್ಟಿಕೊಂಡಿರಬಹುದು. ಕೆದಕಿದಾಗ ಕೊಳೆತ ಮೊಟ್ಟೆಯ ನಾತ ಬಂದರೆ ಅದೇ. ಮೇಲಿನ ಪದರದಿಂದ ಒಂದೆರಡು ಲೋಟ ತೆಗೆದಿಟ್ಟು ಉಳಿದದ್ದನ್ನು ಬಿಟ್ಟುಬಿಡಿ, ಹೊಸ ಮರಳು ತೊಳೆದು ಹಾಕಿ. ತೊಟ್ಟಿ ಬಿಚ್ಚುವಾಗ ಮೊದಲು ತಿಳಿನೀರು, ಆಮೇಲೆ ಹವಳ, ಕಲ್ಲು, ಆಮೇಲೆ ಮೀನು, ಕೊನೆಗೆ ಮರಳು. ಕಲ್ಲು ತೆಗೆದು ನೀರು ಇಳಿದ ಮೇಲೆ ಮೀನು ಹಿಡಿಯುವುದು ಸಲೀಸು.

ಮೀನಿಗೆ ಹೊರಡುವ ಮುಂಚಿನ 24ರಿಂದ 48 ಗಂಟೆ ಆಹಾರ ಕೊಡಬೇಡಿ. ಒಂದೊಂದನ್ನೂ ಬೇರೆ ಚೀಲದಲ್ಲಿಟ್ಟು, ಚೀಲಕ್ಕೆ ಇನ್ನೊಂದು ಚೀಲ ತೊಡಿಸಿ. ಮೂರನೇ ಒಂದು ಪಾಲು ನೀರು, ಉಳಿದದ್ದು ಸಿಲಿಂಡರಿನ ಆಮ್ಲಜನಕ. ಚೀಲದ ಮೂಲೆಗಳನ್ನು ಮಡಚಿ ಟೇಪ್ ಹಚ್ಚಿ, ಇಲ್ಲದಿದ್ದರೆ ಸಣ್ಣ ಮೀನು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಚೀಲಗಳೆಲ್ಲ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇರಲಿ. ಗಾಡಿಯಲ್ಲಿ ಇನ್ವರ್ಟರ್ ಇಟ್ಟು ಹೀಟರ್ ಓಡಿಸುವ ಯೋಚನೆ ಬೇಡ. 300 ವ್ಯಾಟ್ ಹೀಟರಿಗೆ 12 ವೋಲ್ಟ್ ಬ್ಯಾಟರಿಯಿಂದ 25 ಆಂಪಿಯರ್ ಮೀರಿ ಬೇಕು, ಸಿಗರೇಟ್ ಲೈಟರಿನ ಸಾಕೆಟ್ ಅದನ್ನು ತಡೆಯುವುದಿಲ್ಲ.

ತಿಳಿದವರೂ ಎಡವುವುದು ತಲುಪಿದ ಮೇಲೆ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು, 8.2ರಷ್ಟಿದ್ದ ಪಿಎಚ್ 7ರ ಹತ್ತಿರಕ್ಕೆ ಇಳಿಯುತ್ತದೆ. ಆ ಮಟ್ಟದಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಮೀನಿಗೆ ಅಷ್ಟಾಗಿ ತಟ್ಟುವುದಿಲ್ಲ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ. ಅದು ಒಂದು ಅಂಕ ಏರಿದರೆ ವಿಷರೂಪದ ಅಮೋನಿಯಾ ಸುಮಾರು ಹತ್ತು ಪಟ್ಟಾಗುತ್ತದೆ. ಹನಿಹನಿಯಾಗಿ ಹೊಸ ನೀರು ಬಿಡುತ್ತಾ ಗಂಟೆಗಟ್ಟಲೆ ಒಗ್ಗಿಸುವ ಕ್ರಮ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಸರಿ, ಇಡೀ ದಿನ ಚೀಲದಲ್ಲಿದ್ದ ಮೀನಿಗೆ ಅದೇ ಕುತ್ತು. ಹೊರಡುವ ದಿನ ಹಳೆ ತೊಟ್ಟಿಯ ಉಪ್ಪಿನಂಶ ಅಳೆದು ಬರೆದಿಟ್ಟುಕೊಳ್ಳಿ, ಹೊಸ ನೀರನ್ನು ಅದೇ ಅಂಕಕ್ಕೆ ತನ್ನಿ. ಚೀಲವನ್ನು ಬಿಚ್ಚದೆ 15–20 ನಿಮಿಷ ತೇಲಿಬಿಟ್ಟು ಶಾಖ ಸಮವಾದ ಮೇಲೆ ಬಿಚ್ಚಿ, ತಡಮಾಡದೆ ಮೀನನ್ನು ಮಾತ್ರ ತೊಟ್ಟಿಗೆ ಬಿಡಿ. ಚೀಲದ ನೀರು ಚರಂಡಿಗೆ.

ಹವಳದ ತುಂಡುಗಳನ್ನು ಥರ್ಮಾಕೋಲ್ ಚೂರಿಗೆ ಕಟ್ಟಿ ತಲೆಕೆಳಗಾಗಿ ತೇಲಿಬಿಟ್ಟರೆ ಅದರ ಮೈ ಚೀಲಕ್ಕೆ ಉಜ್ಜುವುದಿಲ್ಲ. ಜೋಯಾಂಥಿಡ್ ಎಂಬ, ಹವಳದ ಹತ್ತಿರದ ಮೆತ್ತನೆಯ ಜೀವಿ ಇರುವ ಕಲ್ಲು ಮುಟ್ಟುವಾಗ ಗ್ಲೌಸ್, ಕನ್ನಡಕ ಕಡ್ಡಾಯ: ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅಂಥ ಕಲ್ಲಿಗೆ ಬಿಸಿನೀರು ಸುರಿಯುವುದು, ಕುದಿಸುವುದು ಸರ್ವಥಾ ಕೂಡದು. ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಗಡಿ ದಾಟಿ ಬೇರೆ ದೇಶಕ್ಕೆ ಹೋಗುವವರು ಇನ್ನೊಂದು ತಿಳಿದಿರಬೇಕು: ಗಟ್ಟಿ ಹವಳ, ದೈತ್ಯ ಕಪ್ಪೆಚಿಪ್ಪು, ಸಮುದ್ರಕುದುರೆ ಇವೆಲ್ಲ ಅಳಿವಿನ ಭೀತಿಯ ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಪರವಾನಗಿ ಮೊದಲೇ ಕೈಯಲ್ಲಿರಬೇಕು.

ಗಾಜಿನ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರೂ ಉಳಿಯಕೂಡದು. ಒಂದು ಮೂಲೆ ಮೊದಲು ಎದ್ದರೂ ಸಿಲಿಕೋನ್ ಬೆಸುಗೆಗೆ ತಿರುಚು ಬೀಳುತ್ತದೆ. ಅಂಚು ಹಿಡಿದು ಎತ್ತದೆ ಪ್ಲೈವುಡ್ ಮೇಲೆ ಕೂರಿಸಿ ಬುಡದಿಂದ ಎತ್ತಿ. ಹೊಸ ಜಾಗದಲ್ಲಿ ಮಟ್ಟಗೋಲು ಇಟ್ಟು ನೋಡಿ, ಬರೀ ಸಿಹಿನೀರು ತುಂಬಿ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇದಕ್ಕೆ ಸಮಯ ಹಿಡಿಯುತ್ತದೆ, ಅಷ್ಟು ಹೊತ್ತು ಡ್ರಮ್ಮುಗಳಲ್ಲಿ ಏರ್ ಪಂಪ್ ನಿಲ್ಲಬಾರದು, ಮೀನಿನ ಚೀಲ ಬಿಚ್ಚಬಾರದು. ಸಾಧ್ಯವಿದ್ದರೆ ತೊಟ್ಟಿಯನ್ನು ಮೊದಲು ಕಳಿಸಿ, ಜೀವಿಗಳನ್ನು ಎರಡನೇ ಸರದಿಯಲ್ಲಿ ಒಯ್ಯುವುದು ಮೇಲು. ಉಪ್ಪು ಬೆರೆಸಿದ ಆರ್‌ಒ ನೀರು ಒಂದು ದಿನ ಮುಂಚೆಯೇ ಪಂಪಿನಿಂದ ತಿರುಗುತ್ತಾ ತಯಾರಿರಲಿ, 25 ಡಿಗ್ರಿಯಲ್ಲಿರಲಿ. ಜೀವಿಗಳು ಒಳಗಿರುವಾಗ ತೊಟ್ಟಿಗೆ ಒಣ ಉಪ್ಪು ಸುರಿಯಲೇಬಾರದು.

ಮೊದಲ ವಾರ ದಿನವೂ ಅಮೋನಿಯಾ ಪರೀಕ್ಷಿಸಿ. ಪರೀಕ್ಷೆಯ ಬಣ್ಣ ತುಸು ತಿರುಗಿದರೂ ಕಾಲುಭಾಗ ನೀರು ಬದಲಿಸಲು ಇನ್ನೊಂದು ಡ್ರಮ್ ಸಿದ್ಧವಿರಲಿ. ಲೈಟು ದಿನಕ್ಕೆ ನಾಲ್ಕು ಗಂಟೆಯಿಂದ ಆರಂಭಿಸಿ ಎರಡು ವಾರದಲ್ಲಿ ಹಳೆ ಲೆಕ್ಕಕ್ಕೆ ತನ್ನಿ, ಆಹಾರ ಚಿಟಿಕೆಯಷ್ಟೇ ಹಾಕಿ. ಮನೆ ಸಾಮಾನು ಸಾಗಿಸುವವರು ‘ಅಕ್ವೇರಿಯಮ್ಮನ್ನೂ ನಾವೇ ಒಯ್ಯುತ್ತೇವೆ’ ಎಂದರೆ ಆಮ್ಲಜನಕ ತುಂಬುವುದು ಯಾರು, ದಾರಿಯಲ್ಲಿ ಏರ್ ಪಂಪ್ ನೋಡಿಕೊಳ್ಳುವುದು ಯಾರು ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಉತ್ತರ ಬಾರದಿದ್ದರೆ ಖಾಲಿ ಗಾಜನ್ನಷ್ಟೇ ಅವರಿಗೆ ಒಪ್ಪಿಸಿ.

ಇತಿ,
ಒಬ್ಬ ರೀಫ್ ಅಕ್ವೇರಿಯಂ ಹವ್ಯಾಸಿ